ಅರ್ಧ ಮುಂಗಡ

ಬಾಗಿಲು ಬಡಿದ ಸದ್ದಾಯಿತು.

ದೊಮಿತಿಲಾ ಮೊದಲು ಒಲೆ ಆರಿಸಿದಳು, ಆಮೇಲೆ ದೀಪ. ನಿಕನೋರ್ ಬಾಯಿಗೆ ಒಯ್ಯುತ್ತಿದ್ದ ಜೋಳದ ರೊಟ್ಟಿಯನ್ನು ತಟ್ಟೆಗೆ ಮರಳಿಸಿ, ಮಗಳನ್ನು ತೊಡೆಯಿಂದಿಳಿಸಿ, ಗೋಡೆಗೆ ಬೆನ್ನು ಕೊಟ್ಟು ನಿಂತ. ಮಗು ಬರುತ್ತಿದ್ದ ಕೆಮ್ಮನ್ನು ನುಂಗಿಕೊಂಡಿತು. ದೇಶ ಬಿಟ್ಟು ಬಂದು, ಪಕೊಯ್ಮಾದ ಆ ಓಣಿಯಲ್ಲಿ ಯಾರದೋ ಮನೆಯ ಹಿಂದಿನ ಕಾರಿನ ಕೊಟ್ಟಿಗೆಯನ್ನೇ ಬಾಡಿಗೆಗೆ ಹಿಡಿದು ಸಂಸಾರ ಹೂಡಿದವರಿಗೆ, ಕತ್ತಲಾದ ಮೇಲೆ ಬಾಗಿಲು ಬಡಿಯುವವರಿಂದ ಒಳ್ಳೆಯ ಸುದ್ದಿ ಬಂದ ನೆನಪಿರಲಿಲ್ಲ.

ಮತ್ತೆ ಬಡಿದರು. ಈ ಸಲ ಅಂಗೈಯಿಂದ.

"ನಾನು ಕಣಮ್ಮ, ಕೊಮಾದ್ರೆ. ದೀಪ ಹಾಕು. ಪೋಲೀಸ್ನೋರಾಗಿದ್ರೆ ಇಷ್ಟೊತ್ಗೆ ನಿಮ್ ಬಾಗ್ಲು ಒಳೀಕ್ ಬಿದ್ದಿರ್ತಿತ್ತು."

ಅನ್ಸೆಲ್ಮೊ ತುಮ್. ಮಗಳ ತಲೆಗೆ ಜ್ಞಾನಸ್ನಾನದ ನೀರು ಬೀಳುವಾಗ ಅವಳನ್ನು ಎತ್ತಿ ಹಿಡಿದಿದ್ದ ಧರ್ಮಪಿತ. ಆ ನಂಟಿನಿಂದ ಅವಳ ಅಪ್ಪ ಅಮ್ಮನಿಗೆ ಅವನು ಕೊಂಪಾದ್ರೆ; ಅವನಿಗೆ ಅವಳ ಅಪ್ಪ ಕೊಂಪಾದ್ರೆ, ಅಮ್ಮ ಕೊಮಾದ್ರೆ. ಅವರೂರಿನಿಂದ ಈ ಊರಿಗೆ ಬಂದವರಲ್ಲಿ ಕಂಟ್ರಾಕ್ಟರ್ ಲೈಸೆನ್ಸು ಗಿಟ್ಟಿಸಿದ ಒಬ್ಬನೇ ಒಬ್ಬ. ಕೈಯಲ್ಲಿ ಸಿಹಿ ಬ್ರೆಡ್ಡಿನ ಪೊಟ್ಟಣ ಹಿಡಿದು ಒಳಬಂದವನು ಬಾಗಿಲನ್ನು ತಾನೇ ಎಳೆದುಕೊಂಡ.

"ಸಂಜೆ ಟೀವೀಲಿ ನೋಡ್ದೆ. ಮಕ ಮಸ್ಕು ಮಾಡವ್ರೆ, ಸರಿ. ಟೋಪಿ ಮಸ್ಕು ಮಾಡ್ಲಿಲ್ವಲ್ಲ ಕೊಂಪಾದ್ರೆ. ಊರಿಗೂರೇ ಗುರ್ತು ಹಿಡಿದದೆ."

ನಿಕನೋರ್ ನಗಲು ಹೋಗಿ ಸೋತ. ದೊಮಿತಿಲಾ ಒಲೆ ಹಚ್ಚಿ ಕಾಫಿಗಿಟ್ಟಳು. ಅಂದು ಬೆಳಿಗ್ಗೆ ನಡೆದದ್ದನ್ನು ಗಂಡನ ಬಾಯಿಂದ ಕೇಳಬೇಕಾದ ಅಗತ್ಯ ಅವಳಿಗಿರಲಿಲ್ಲ, ಅವಳೂ ಅಲ್ಲಿದ್ದಳು.

ಫೋನು ಮಾಡಿದ ಹೆಂಗಸು ಸ್ಪ್ಯಾನಿಶ್ ಬಲ್ಲವಳು. ಬಚ್ಚಲುಮನೆ ಹೊಸದಾಗಿ ಮಾಡಿಸಬೇಕು, ನಿಮ್ಮ ಕೈಗುಣ ಕೇಳಿ ಬಲ್ಲೆ ಎಂದಳು. ಗಂಡ ಹೆಂಡತಿ ಇಬ್ಬರೂ ಹೋದರು, ಏಕೆಂದರೆ ಟೈಲ್ಸ್ ಕೂರಿಸುವುದು ಅವನಾದರೆ ಗಾರೆ ಕಲಸುವುದು, ಸಂದು ತುಂಬುವುದು ಅವಳು. ನಿಕನೋರ್ ಬಚ್ಚಲಿನ ಅಳತೆ ಹಿಡಿಯುತ್ತಿದ್ದಾಗ ದೊಮಿತಿಲಾ ಅಡಿಗೆಮನೆಯಲ್ಲಿ ನಿಂತಿದ್ದಳು. ಒಲೆಯ ಹಿಂದಿನ ಗೋಡೆಗೆ ಒಂದು ಹನಿ ಎಣ್ಣೆ ಸಿಡಿದಿರಲಿಲ್ಲ. ಉಪ್ಪಿನ ಡಬ್ಬಿ ಇರಲಿಲ್ಲ. ಯಾರೂ ಬಾಳದ ಮನೆ ಇದು ಎಂದು ಅವಳ ಒಳಮನಸ್ಸು ಹೇಳಿತು. ದೊಡ್ಡವರ ಮನೆಯ ವಿಚಾರ ನಮಗೇಕೆಂದು ಬಾಯಿ ಮಾತ್ರ ಅದನ್ನು ಆಡಲಿಲ್ಲ.

ನಿಕನೋರ್ ಮೊತ್ತ ಹೇಳಿದ. ಹೆಂಗಸು ಒಪ್ಪಿದಳು. ಶುರು ಮಾಡಲು ಎಷ್ಟು ಕೊಡಬೇಕು ಎಂದು ಕೇಳಿದಳು.

ಗ್ವಾಟೆಮಾಲಾದ ಅವರ ಬೆಟ್ಟದೂರಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅರ್ಧ ಎನ್ನುವುದು ಹುಟ್ಟಿದ ಮಗುವಿಗೂ ಗೊತ್ತು. ಮನೆ ಕಟ್ಟಿಸುವವನು ಅರ್ಧವನ್ನು ಮೇಸ್ತ್ರಿಯ ಕೈಗಿಟ್ಟು ಆ ಕೈಯನ್ನು ತನ್ನ ಎರಡು ಕೈಗಳಲ್ಲಿ ಮುಚ್ಚಿದರೆ, ಸೂರು ಮುಚ್ಚುವ ತನಕ ಆ ಮೇಸ್ತ್ರಿ ಬೇರೊಬ್ಬನ ಇಟ್ಟಿಗೆ ಮುಟ್ಟುವಂತಿಲ್ಲ. ಅರ್ಧಕ್ಕಿಂತ ಕಡಿಮೆ ಕೊಟ್ಟವನು ಮೇಸ್ತ್ರಿಯನ್ನು ಕಳ್ಳ ಎಂದಂತೆ. ಕಡಿಮೆ ಕೇಳಿದ ಮೇಸ್ತ್ರಿ ತನ್ನನ್ನು ತಾನೇ ಕಳ್ಳ ಎಂದುಕೊಂಡಂತೆ.

"ಅರ್ಧ, ಅಮ್ಮ," ಎಂದ ನಿಕನೋರ್.

"ಅರ್ಧ ಅಂದ್ರೆ ಎಷ್ಟು? ಬಾಯಿಬಿಟ್ಟು ಹೇಳಿ."

"ನಾಕು ಸಾವ್ರ."

"ಇವತ್ತೇ ಬೇಕಾ?"

"ಇವತ್ತು ಕೊಟ್ರೆ ನಾಳೀಕೆ ಗಾರೆ ಕಲಸ್ತೀವಿ, ತಾಯಿ."

ಹೆಂಗಸು ಸೂರಿನತ್ತ ಕಣ್ಣೆತ್ತಿದಳು. ಅಲ್ಲಿ ಹೊಗೆ ಬಂದರೆ ಕೂಗುವ ಬಿಳಿಯ ಡಬ್ಬಿಯೊಂದಿತ್ತು, ಅದರೊಳಗೆ ಕ್ಯಾಮೆರಾ ಅಡಗಿತ್ತು. ಒಳಕೋಣೆಯ ಬಾಗಿಲು ತೆರೆದು, ಕೊರಳಿಗೆ ಸರ್ಕಾರಿ ಬಿಲ್ಲೆ ತೂಗಿಕೊಂಡ ಗಂಡಸರು ಹೊರಬಂದರು. ಅಳತೆಯ ಟೇಪನ್ನು ನೆಲದ ಮೇಲಿಡು, ಕೈ ಕಾಣುವಂತೆ ಹಿಡಿ ಎಂದರು. ಆ ಹೆಂಗಸಿನ ಮುಖದ ನಗೆ ಮಾಸಿರಲಿಲ್ಲ. ಕುಡಿಯಲು ನೀರು ಬೇಕೇ ಎಂದು ಅವಳೇ ಕೇಳಿದಳು.

ಆ ಮನೆಯ ಗ್ಯಾರೇಜಿನಲ್ಲಿ ಮಡಚುವ ಕುರ್ಚಿಗಳ ಸಾಲು. ಆಗಲೇ ಬಂದು ಸಿಕ್ಕಿಬಿದ್ದಿದ್ದ ಬೇಲಿ ಕಟ್ಟುವವನು, ಬಣ್ಣ ಬಳಿಯುವ ಹುಡುಗ ತಲೆ ತಗ್ಗಿಸಿ ಕೂತಿದ್ದರು. ಟೀವಿಯವನು ಕ್ಯಾಮೆರಾ ಹೊತ್ತು ಆಚೆಯಿಂದೀಚೆಗೆ ತಿರುಗುತ್ತಿದ್ದ. ಲೈಸೆನ್ಸ್ ಇಲಾಖೆಯ ಆ ಬಿಲ್ಲೆಯವರಲ್ಲಿ ಹಿರಿಯನಾಗಿದ್ದವನು ನಿಂತು ಪಾಠ ಒಪ್ಪಿಸುವಂತೆ ಹೇಳಿದ:

"ಈ ರಾಜ್ಯದಲ್ಲಿ ಮನೆ ಕೆಲಸಕ್ಕೆ ಮುಂಗಡ ಅಂದ್ರೆ ಸಾವಿರ ಡಾಲರು, ಇಲ್ಲ ಒಟ್ಟಿನ ಹತ್ತನೇ ಒಂದು ಪಾಲು. ಎರಡರಲ್ಲಿ ಯಾವುದು ಕಮ್ಮಿಯೋ ಅಷ್ಟು. ಅದೂ ಲೈಸೆನ್ಸ್ ಇರೋರಿಗೆ. ನಿನಗೆ ಅದೂ ಇಲ್ಲ. ಅಲ್ಲಿಗೆ ಎರಡು ಕೇಸು."

"ಹತ್ರಲ್ಲಿ ಒಂದು ಪಾಲ್ಗೆ ಟೈಲ್ಸ್ ಯಾರ್ ಕೊಡ್ತಾರೆ ಸಾರ್? ಸಿಮೆಂಟ್ ಯಾರ್ ಕೊಡ್ತಾರೆ?"

"ಲೈಸೆನ್ಸ್ ಇದ್ರೆ ಅಂಗಡಿಯವರು ಸಾಲ ಕೊಡ್ತಾರೆ."

ನನ್ನ ನಂಬರು ನಿಮಗೆ ಹೇಗೆ ಸಿಕ್ಕಿತು ಎಂದು ನಿಕನೋರ್ ಕೇಳಿದ. ಬಿಲ್ಲೆಯವನು ಬರೆಯುತ್ತಿದ್ದ ಚೀಟಿಯಿಂದ ತಲೆ ಎತ್ತದೆ ಹೇಳಿದ:

"ನಿನ್ನನ್ನ ಚೆನ್ನಾಗಿ ಬಲ್ಲವರೇ ಕೊಟ್ಟಿದ್ದು."

ಕೋರ್ಟಿಗೆ ಬರಬೇಕಾದ ದಿನ ತಿಳಿಸಿ ಬಿಟ್ಟರು. ಇನ್ನೊಮ್ಮೆ ಸಿಕ್ಕಿಬಿದ್ದರೆ ಕುರ್ಚಿಯಲ್ಲ, ಜೈಲು ಎಂದರು.

ಬಲ್ಲವರೇ ಕೊಟ್ಟದ್ದೆಂಬ ಆ ಮಾತೇ ಈಗ ಕೊಟ್ಟಿಗೆಯಲ್ಲಿ ಕಾಫಿಯ ಹಬೆಯ ಜೊತೆ ತೂಗಾಡುತ್ತಿತ್ತು. ಬಲ್ಲವರು ಯಾರು? ನಿಕನೋರ್ ಒಂದೊಂದೇ ಹೆಸರು ಹಿಡಿದು ಎಳೆಯುತ್ತಿದ್ದರೆ, ಅನ್ಸೆಲ್ಮೊ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿ ಮಗುವಿಗೆ ತಿನ್ನಿಸುತ್ತ ತಲೆಯಾಡಿಸಿದ.

"ಹುಡುಕ್ಬ್ಯಾಡ ಕಣ್ ಕೊಂಪಾದ್ರೆ. ಹುಡುಕ್ದಷ್ಟೂ ನಮ್ಮೋರೇ ಸಿಗ್ತಾರೆ. ದೇವ್ರು ನೋಡ್ಕತಾನೆ, ಬುಡು."

ನಿಕನೋರ್ ಬಿಡಲಿಲ್ಲ.

ಮರುದಿನ ಗಂಡ ಹೆಂಡತಿ ಮೊದಲು ಹೋದದ್ದು ಬೆಟ್ಟದ ಮೇಲಿನ ಮಿಸೆಸ್ ವಿಟ್ಲಾಕಳ ಮನೆಗೆ. ಅವಳ ಬಚ್ಚಲು ಮುಗಿದು ಹದಿನೈದು ದಿನವಾಗಿತ್ತು. ಉಳಿದರ್ಧ ಇನ್ನೂ ಬಂದಿರಲಿಲ್ಲ. ಗಂಟೆ ಒತ್ತಿದರೆ ಬಾಗಿಲು ತೆರೆಯಲಿಲ್ಲ. ಒಳಗಿದ್ದ ಅವಳ ದನಿಯಲ್ಲಿ ಗಂಟೆಯೇ ಮಾತಾಡಿತು. ಅದರೊಳಗಿನ ಸಣ್ಣ ಗಾಜಿನ ಕಣ್ಣು ಇಬ್ಬರನ್ನೂ ನೋಡಿತು.

"ನ್ಯೂಸಿನಲ್ಲಿ ನೋಡಿದೆ. ನನ್ನ ತಮ್ಮ ವಕೀಲ. ಲೈಸೆನ್ಸ್ ಇಲ್ಲದವರಿಗೆ ನಾನು ಒಂದು ಸೆಂಟೂ ಕೊಡಬೇಕಾಗಿಲ್ಲವಂತೆ. ಕೊಟ್ಟಿದ್ದನ್ನೂ ವಾಪಸ್ ಕೇಳಬಹುದಂತೆ."

ನಿಕನೋರ್ ಟೋಪಿ ತೆಗೆದು ಆ ಗಾಜಿನ ಕಣ್ಣಿಗೆ ತಲೆಬಾಗಿದ. "ಕೆಲ್ಸ ಚೆನ್ನಾಗಿಲ್ವಾ, ಅಮ್ಮ?"

"ತುಂಬ ಚೆನ್ನಾಗಿದೆ. ಬಂದವರೆಲ್ಲ ಹೊಗಳ್ತಾರೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ತಿಂಗಳ ಕೊನೆಯೊಳಗೆ ನನ್ನ ಹಣ ವಾಪಸ್ ಬರಬೇಕು."

"ಅದು ನಿಮ್ ಗೋಡೇಲೇ ಅದೆ ತಾಯಿ. ಟೈಲ್ಸ್ ಆಗಿ ಕೂತದೆ."

ಗಂಟೆ ಸುಮ್ಮನಾಯಿತು. ಮನೆಯ ಪಕ್ಕದ ಗೋಡೆಯೊಳಗೆ ನೀರು ಇಳಿಯುವ ಸದ್ದು ಕೇಳಿಸಿತು. ಯಾರೋ ಅವರ ಕೈಯಿಂದಾದ ಬಚ್ಚಲಿನಲ್ಲಿ ಮೈ ತೊಳೆದುಕೊಳ್ಳುತ್ತಿದ್ದರು. ದೊಮಿತಿಲಾ ಗಂಟೆಯ ಹತ್ತಿರ ಬಾಯಿ ತಂದು, ತನ್ನೂರಿನ ಭಾಷೆಯಲ್ಲಿ, ನಿನ್ನ ಹೊಟ್ಟೆಗೆ ಹುಳ ಬೀಳಲಿ ಮುಂಡೆ ಎಂದಳು. ನಿಕನೋರ್ ಅವಳ ರಟ್ಟೆ ಹಿಡಿದು ಮೆಟ್ಟಿಲಿಳಿಸಿದ. ಇಳಿಯುವಾಗ ಅವನಿಗೆ ನಾಚಿಕೆಯಾದದ್ದು ಹೆಂಡತಿಯ ಮಾತಿಗಲ್ಲ, ತಾನು ತಲೆಬಾಗಿದ್ದಕ್ಕೆ.

ಇವಳೇ ನಂಬರು ಕೊಟ್ಟವಳು ಎಂದು ದೊಮಿತಿಲಾ ದಾರಿಯುದ್ದಕ್ಕೂ ವಾದಿಸಿದಳು. ಹಣ ಉಳಿಸಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಯಾವುದಿದೆ? ನಿಕನೋರನ ತಲೆಯಲ್ಲಿ ಬೇರೊಬ್ಬನಿದ್ದ. ಬಣ್ಣದ ಅಂಗಡಿಯ ಹಿಂದಿನ ಬಯಲಿಗೆ ಇಬ್ಬರೂ ಬಂದಾಗ, ಕೂಲಿಗೆ ಕಾಯುವವರ ನಡುವೆ ರುಫಿನೊ ನಿಂತಿದ್ದ. ಬಣ್ಣ ಬಳಿಯುವವನು, ನಡುವಯಸ್ಸಿನವನು. ಹೋದ ವರ್ಷದ ಮೊದಲಲ್ಲಿ ಮುಂಗಡ ಹಂಚಿಕೊಳ್ಳುವ ವಿಷಯಕ್ಕೆ ಜಗಳವಾಗಿ ನಿಕನೋರನ ಗುಂಪು ಬಿಟ್ಟು ಹೋಗಿದ್ದವನು.

ನಿಕನೋರ್ ಸೀದಾ ಹೋಗಿ ಅವನ ಕೊರಳಪಟ್ಟಿ ಹಿಡಿದ. ಕಾಫಿ ಮಾರುವವಳು ತನ್ನ ಗಾಡಿಯನ್ನು ಹಿಂದಕ್ಕೆಳೆದುಕೊಂಡಳು.

"ನನ್ ಹೆಸ್ರು ಯಾಕ್ಲಾ ಮಾರ್ದೆ, ಬೋಳಿಮಗ್ನೆ?"

ರುಫಿನೊ ಕೈ ಎತ್ತಲಿಲ್ಲ. ಮುಖದ ಮೇಲೆ ಬಿದ್ದ ಉಗುಳನ್ನು ಬಣ್ಣದ ಬಟ್ಟೆಯಿಂದ ಒರೆಸಿಕೊಂಡ. ಆಮೇಲೆ, ಸುತ್ತ ನಿಂತವರಿಗೆಲ್ಲ ಕೇಳುವಂತೆ ಮಾತಾಡಿದ.

"ಹೋದ್ ಬ್ಯಾಸ್ಗೇಲಿ ನನ್ನೂ ಅಂಥದೇ ಮನೇಗ್ ಕರ್ದು ಕೂರ್ಸಿದ್ರು, ಮೇಸ್ತ್ರಿ. ಹೆಂಡ್ರಿಗೂ ಯೋಳಿಲ್ಲ. ಮರ್ವಾದೆ ನಿಂಗೊಬ್ನಿಗೇಯಾ ಇರೋದು? ನಾನ್ಯಾಕೆ ಇಲ್ ಬಂದು ದಿನಗೂಲಿಗೆ ನಿಂತಿವ್ನಿ ಅಂದ್ಕಂಡೆ?"

ನಿಕನೋರನ ಹಿಡಿತ ಸಡಿಲವಾಯಿತು. ಕೇಳಿದ್ದನ್ನು ನಂಬಲೂ ಆಗದೆ, ನಂಬದಿರಲೂ ಆಗದೆ ಅವನು ಮರಳಿ ಬಂದ. ದೊಮಿತಿಲಾ ಹಿಂದಿರುಗಿ ನೋಡಿದಳು. ಕೂಲಿಗೆ ನಿಂತವರಲ್ಲಿ ಕೆಲವರು ನೆಲ ನೋಡುತ್ತಿದ್ದರು.

ಟೀವಿಯ ಟೋಪಿ ತನ್ನ ಕೆಲಸ ಮಾಡಿತು. ಮಾತಾಗಿದ್ದ ಎರಡು ಮನೆಗಳವರು ಬೇಡವೆಂದರು. ಮೂರನೆಯವನು ಫೋನನ್ನೇ ಎತ್ತಲಿಲ್ಲ. ಉಳಿದದ್ದು ಒಂದೇ ದಾರಿ. ನಿಕನೋರ್ ಹೆಂಡತಿಯೊಡನೆ ಅನ್ಸೆಲ್ಮೊನ ಮನೆಗೆ ಹೋಗಿ, ನಿಮ್ಮ ಲೈಸೆನ್ಸಿನ ನೆರಳಿನಲ್ಲಿ ನನ್ನನ್ನೂ ಸೇರಿಸಿಕೊಳ್ಳಿ ಎಂದು ಬೇಡಿದ.

ಅನ್ಸೆಲ್ಮೊ ಒಪ್ಪಲಿಲ್ಲ. ಕೇಸು ಬಿದ್ದವನನ್ನು ಇಟ್ಟುಕೊಂಡರೆ ತನ್ನ ಲೈಸೆನ್ಸಿಗೇ ಕುತ್ತು ಎಂದ. ದೊಮಿತಿಲಾ ಹಳೆಯದನ್ನು ನೆನಪಿಸಿದಳು. ಲೈಸೆನ್ಸಿನ ಪರೀಕ್ಷೆಗೆ ಕೂರಬೇಕಾದರೆ ನಾಲ್ಕು ವರ್ಷ ದುಡಿದದ್ದಕ್ಕೆ ಬಲ್ಲವರೊಬ್ಬರು ಸಹಿ ಹಾಕಬೇಕು. ಈ ವ್ಯಾನು ಬರುವ ಮೊದಲು ನಿಕನೋರ್ ಅವನ ಕೈಕೆಳಗೆ ಆರು ವರ್ಷ ದುಡಿದಿದ್ದ. ಆ ಸಹಿಯೊಂದಿದ್ದರೆ ಇವತ್ತು ಈ ಗತಿ ಬರುತ್ತಿರಲಿಲ್ಲ.

"ಹಾಕ್ತೀನಮ್ಮ, ನಾನೇನು ಇಲ್ಲ ಅಂದ್ನಾ? ಈ ವರ್ಸ ಕಾಲ ಸರಿಯಿಲ್ಲ."

ಕೊನೆಗೆ ನಿಟ್ಟುಸಿರಿಟ್ಟು ಒಪ್ಪಿದ. ದಿನಗೂಲಿ, ಪಾಲು ಗೀಲು ಇಲ್ಲ. ದೊಮಿತಿಲಾ ಗಾರೆ ಕಲಸಿದರೆ ಅವಳಿಗೆ ಗಂಡನ ಅರ್ಧ ಕೂಲಿ. ನಿಕನೋರ್ ಇನ್ನು ಮೇಲೆ ತನ್ನ ಹೆಸರಿನಲ್ಲಿ ಒಂದು ಟೈಲ್ಸ್ ಕೂಡ ಕೂರಿಸುವಂತಿಲ್ಲ. ಹಳೆಯ ಗಿರಾಕಿಗಳ ನಂಬರುಗಳನ್ನೆಲ್ಲ ಒಪ್ಪಿಸಬೇಕು. ಶನಿವಾರ ಮಧ್ಯಾಹ್ನ ಬಣ್ಣದ ಅಂಗಡಿಯ ಬಯಲಿನಲ್ಲಿ ಎಲ್ಲರೆದುರು ಕೈ ಮೇಲೆ ಕೈಯಿಟ್ಟು ಮಾತು ಕೊಡಬೇಕು. ಇಲ್ಲವೆಂದರೆ ಇಲ್ಲ, ಬಲವಂತವೇನಿಲ್ಲ.

ಪಾಲು ಕೊಡಿ, ಕೂಲಿ ಬೇಡ ಎಂದು ನಿಕನೋರ್ ಕೇಳಿ ನೋಡಿದ. ಅನ್ಸೆಲ್ಮೊ ನಕ್ಕು, ಶನಿವಾರದ ತನಕ ಯೋಚನೆ ಮಾಡು ಎಂದ.

ಮನೆಗೆ ಬಂದ ನಿಕನೋರ್ ಗಾರೆ ಮೆತ್ತುವ ತನ್ನ ಕರಣೆಯನ್ನು ತೊಳೆದು ಒರೆಸಿ, ಒಣಗಿದ ಮೇಲೂ ಒರೆಸುತ್ತಲೇ ಕೂತ. ಹದಿನಾರನೆಯ ವಯಸ್ಸಿಗೇ ಅವನನ್ನು ಊರು ಮೇಸ್ತ್ರಿ ಎಂದು ಕರೆದಿತ್ತು. ಶನಿವಾರದ ನಂತರ ಅವನು ಇನ್ನೊಬ್ಬನ ವ್ಯಾನಿನಲ್ಲಿ ಕೂತು ಹೋಗುವ ಆಳು. ಒಮ್ಮೆ ಆ ವ್ಯಾನು ಹತ್ತಿದವರು ಇಳಿದದ್ದನ್ನು ಯಾರೂ ಕಂಡಿರಲಿಲ್ಲ.

"ಯಾರು ಅಂತ ಗೊತ್ತಾಗ್ದೆ ನೀನು ಕೈ ಕೊಡ್ಬ್ಯಾಡ," ಎಂದಳು ದೊಮಿತಿಲಾ.

"ಗೊತ್ತಾದ್ರೆ ಹೊಟ್ಟೆ ತುಂಬ್ತದಾ?"

"ತುಂಬಲ್ಲ. ಆದ್ರೆ ಅವ್ನು ಇನ್ನೊಂದ್ ಸಾರಿ ಮಾರ್ತಾನೆ. ಆಗ ಜೈಲು."

ಅವನು ಮತ್ತೆ ಕರಣೆ ಒರೆಸತೊಡಗಿದ. ಅವಳು ಅಂದೇ ನಿಶ್ಚಯಿಸಿದಳು.

ಗೋಡೆ ಎಲ್ಲಿ ವಾಲಿದೆ ಎಂದು ಕಣ್ಣಿಗೆ ಕಾಣದಿದ್ದಾಗ ಗಾರೆಯವರು ಎಲ್ಲ ಮೂಲೆಗೂ ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಡುತ್ತಾರೆ. ಇದು ಬೇಕಾದವರ ಮೂಲೆ, ಇದಕ್ಕೆ ಬೇಡ ಎಂದು ಯಾವುದನ್ನೂ ಬಿಡುವುದಿಲ್ಲ. ದೊಮಿತಿಲಾ ಮೂವರ ಕಿವಿಗೆ ಮೂರು ಬೀದಿಯ ಹೆಸರು ಹಾಕಿದಳು. ಮಿಸೆಸ್ ವಿಟ್ಲಾಕಳ ಗಂಟೆಗೆ ಹೋಗಿ, ಶನಿವಾರ ಬೆಳಿಗ್ಗೆ ಇಂಥ ಬೀದಿಯಲ್ಲಿ ಅರ್ಧ ಮುಂಗಡ ಕೊಡುವ ಕೆಲಸ ಸಿಕ್ಕಿದೆ, ನಿಮ್ಮ ಹಣ ಹಿಂದಿರುಗಿಸುತ್ತೇವೆ ಎಂದಳು. ರುಫಿನೊನ ಮುಂದೆ, ಕಾಫಿ ಕುಡಿಯುತ್ತ, ಕದ್ದು ಹೋಗುತ್ತಿದ್ದೇವೆ ಎಂದು ಬಾಯಿ ಜಾರಿದಂತೆ ಬೇರೊಂದು ಬೀದಿಯ ಹೆಸರಾಡಿದಳು. ಅನ್ಸೆಲ್ಮೊನಿಗೆ ಫೋನು ಮಾಡಿ ಕಣ್ಣೀರು ತಂದುಕೊಂಡು, ನಿಮಗೆ ಮಾತು ಕೊಡುವ ಮೊದಲು ಕೊನೆಯ ಸಲ ಎಂದು ಈ ಹಟಮಾರಿ ಮೂರನೆಯ ಬೀದಿಗೆ ಹೋಗುತ್ತಿದ್ದಾನೆ, ನಾನು ಹೇಳಿದೆ ಎನ್ನಬೇಡಿ ಎಂದು ಗಂಡನ ಮೇಲೆ ದೂರು ಹೇಳಿದಳು. ಕೊಂಪಾದ್ರೆಯ ಕಿವಿಗೂ ಸುಳ್ಳು ಸುರಿದದ್ದಕ್ಕೆ ಆ ರಾತ್ರಿ ಎದೆಯ ಮೇಲೆ ಶಿಲುಬೆ ಗೀರಿಕೊಂಡು ಕ್ಷಮೆ ಕೇಳಿದಳು.

ಕಾವಲಿಗೆ ಜನ ಹುಡುಕಬೇಕಾಗಿರಲಿಲ್ಲ. ಅವರೂರಿನ ಹೆಂಗಸರು ಬೆಟ್ಟದ ಮೇಲಿನ ಮನೆಗಳಲ್ಲಿ ನೆಲ ಒರೆಸುತ್ತಾರೆ. ಯಾವ ಬೀದಿ ಎಂದರೂ ಅಲ್ಲೊಬ್ಬಳು ಕಿಟಕಿಯ ಗಾಜು ಉಜ್ಜುತ್ತಿರುತ್ತಾಳೆ. ದೊಮಿತಿಲಾ ಆರಿಸಿಕೊಂಡದ್ದೇ ಅಂಥ ಮೂರು ಬೀದಿಗಳನ್ನು.

ಶನಿವಾರ ಬೆಳಗೆಲ್ಲ ಫೋನು ಸದ್ದಿಲ್ಲದೆ ಕೂತಿತ್ತು. ನಿಕನೋರ್ ಮುಖ ಕ್ಷೌರ ಮಾಡಿಕೊಂಡು, ಮದುವೆಗೆ ಹೋಗುವವನಂತೆ ಒಗೆದ ಅಂಗಿ ತೊಟ್ಟು, ಅವಳನ್ನು ಕರೆಯದೆ ಬಯಲಿಗೆ ಹೊರಟುಬಿಟ್ಟ. ಕಾದು ಕಾದು ದೊಮಿತಿಲಾಳಿಗೆ ತನ್ನ ಜಾಣತನದ ಮೇಲೇ ಸಿಟ್ಟು ಬಂತು. ಯಾರೂ ಬರುವುದಿಲ್ಲ. ಯಾರೂ ಮಾರಿಲ್ಲವೇನೋ. ಬಿಲ್ಲೆಯವನು ಸುಮ್ಮನೆ ಆಡಿದ್ದನೇನೋ. ಆಗ ಫೋನಿನ ಮೇಲೆ ಪೆತ್ರೋನಾಳ ಹೆಸರು ಮೂಡಿತು. ಪೆತ್ರೋನಾ ಕಾಯುತ್ತಿದ್ದ ಬೀದಿ ಯಾವುದೆಂದು ನೆನಪಾಗಿ ದೊಮಿತಿಲಾ ಎದೆಯ ಮೇಲೆ ಶಿಲುಬೆ ಗೀರಿಕೊಂಡು ಫೋನೆತ್ತಿದಳು.

"ಬಂದ್ರು ಕಣೆ," ಪೆತ್ರೋನಾ ಪಿಸುಗುಟ್ಟಿದಳು. "ಎಲ್ಡು ಕಾರು. ಕೊಳ್ಳಲ್ಲಿ ಬಿಲ್ಲೆ. ಮೇಸ್ತ್ರಿ ಎಲ್ಲಿ, ಎಷ್ಟು ಮುಂಗಡ ಇಸ್ಕಂಡ ಅಂತ ನನ್ನೇ ಕೇಳ್ತಾವ್ರೆ."

"ನೀನೇನಂದೆ?"

"ನಂಗೆ ಬಾಸೆ ಬರಲ್ಲ ಅಂತ ಗಾಜು ಉಜ್ತಾ ನಿಂತ್ಕಂಡೆ. ಎಷ್ಟೂಂತ ಉಜ್ಜಾದು, ಬೇಗ ಏನಾರ ಮಾಡು."

ದೊಮಿತಿಲಾ ಮಗಳನ್ನು ಕಂಕುಳಿಗೆತ್ತಿಕೊಂಡು ಓಡಿದಳು.

ಬಯಲಿನಲ್ಲಿ ಬಿಳಿಯ ವ್ಯಾನು ನಿಂತಿತ್ತು. ಒಳಗೆ ಅದರ ಹಳೆಯ ಆಳುಗಳು, ಹೊರಗೆ ಕೂಲಿಗೆ ಕಾಯುವವರು, ನಡುವೆ ಅನ್ಸೆಲ್ಮೊ ಬಲಗೈ ಚಾಚಿ ನಿಂತಿದ್ದ. ನಿಕನೋರ್ ತನ್ನ ಕೈಯನ್ನು ಅಂಗಿಗೆ ಒರೆಸಿಕೊಂಡು ಮುಂದೆ ನೀಡುತ್ತಿದ್ದ. ದೊಮಿತಿಲಾ ಗುಂಪನ್ನು ಸೀಳಿಕೊಂಡು ಬಂದು ಆ ಮಣಿಕಟ್ಟನ್ನು ಹಿಡಿದಳು. ಉಸಿರು ಸಾಲದೆ ಮಾತು ತುಂಡಾಗಿ ಬಂತು.

ಬಿಲ್ಲೆಯವರು ಬಂದಿದ್ದಾರೆ ಎಂದಳು. ತಾನು ಮೂವರಿಗೆ ಮೂರು ಬೀದಿ ಹೇಳಿದ್ದನ್ನು, ಮೂರೂ ಸುಳ್ಳು ಎಂಬುದನ್ನು, ಒಂದೇ ಬೀದಿಗೆ ಅವರ ಕಾರು ಬಂದದ್ದನ್ನು ಎಲ್ಲರೆದುರು ಹೇಳಿದಳು. ಆಮೇಲೆ ವ್ಯಾನಿನ ತೆರೆದ ಬಾಗಿಲಿನ ಕಡೆ ತಿರುಗಿದಳು.

"ಅಣ್ಣಗಳಿರಾ, ಹಂಗೆ ಫೋನ್ ಬಂದು, ಹಂಗೇ ಹೋಗಿ ಸಿಕ್ಕಾಕ್ಕಂಡು, ಆಮ್ಯಾಕೆ ಈ ವ್ಯಾನ್ ಹತ್ತಿದೋರು ಯಾರ್ಯಾರಿದ್ದೀರಿ? ನಾಚ್ಕೆ ಬ್ಯಾಡ. ನಮ್ಗೂ ಹಂಗೇ ಆಗದೆ. ಕೈ ಎತ್ತಿ."

ಯಾರೂ ಮಿಸುಕಲಿಲ್ಲ. ಬಯಲಿನ ಅಂಚಿನಲ್ಲಿ ನಿಂತಿದ್ದ ರುಫಿನೊ ಮೊದಲು ಕೈ ಎತ್ತಿ, ನಾನು ವ್ಯಾನು ಹತ್ತಲಿಲ್ಲ, ಹತ್ತು ಎಂದು ಕರೆದಿದ್ದರು ಎಂದ. ಅದಾದ ಮೇಲೆ ವ್ಯಾನಿನ ಹಿಂದಿನ ಸೀಟಿನಿಂದ ಒಂದು ಕೈ ಮೇಲೆದ್ದಿತು. ಮುದುಕ ಬಡಗಿಯದು. ಪಕ್ಕದಲ್ಲಿ ಇನ್ನೊಂದು. ಸುಣ್ಣ ಮೆತ್ತಿದ, ಬಣ್ಣ ಮೆತ್ತಿದ, ಬೆರಳು ಮುರಿದು ಸೊಟ್ಟಗೆ ಕೂಡಿದ ಕೈಗಳು ಒಂದರ ಹಿಂದೊಂದು ಎದ್ದು, ವ್ಯಾನಿನ ತಗ್ಗಿದ ಸೂರಿಗೆ ತಾಗಿ ನಿಂತವು. ತಮ್ಮ ಪಕ್ಕದವನ ಕೈಯೂ ಎದ್ದಿರುವುದನ್ನು ಅವರು ಆಗಷ್ಟೇ ನೋಡುತ್ತಿದ್ದರು.

ನಿಕನೋರ್ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ.

"ಯಾರಮ್ಮ ಅವ್ನು?" ಅನ್ಸೆಲ್ಮೊ ಕೇಳಿದ. ಅವನ ಅಂಗೈ ಇನ್ನೂ ಗಾಳಿಯಲ್ಲಿ ಹಾಗೆಯೇ ಇತ್ತು. "ಆ ಬೀದಿ ಯಾರಿಗ್ ಯೋಳಿದ್ದೆ ಕೊಮಾದ್ರೆ? ಹೆಸ್ರು ಯೋಳು, ಎಲ್ರೂ ಕೇಳ್ಲಿ."

ದೊಮಿತಿಲಾ ಮಗಳನ್ನು ಕಂಕುಳಿಂದ ಇಳಿಸಿ ನೆಲದ ಮೇಲೆ ನಿಲ್ಲಿಸಿದಳು.

"ಅನ್ಸೆಲ್ಮೊ ತುಮ್," ಎಂದಳು.